ಹಳೇ ಒಂದು ರೂಪಾಯಿ ನಾಣ್ಯಕ್ಕೆ ನಿಜವಾಗಿಯೂ ಲಕ್ಷ ಸಿಗುತ್ತಾ? ಮನೆಯಲ್ಲಿರುವ ನಾಣ್ಯ ಗುರುತಿಸಿ, ಬೆಲೆ ತಿಳಿಯುವುದು ಹೀಗೆ

'ನಿಮ್ಮ ಹತ್ತಿರ ಈ ಒಂದು ರೂಪಾಯಿ ನಾಣ್ಯ ಇದೆಯಾ? ಹಾಗಾದರೆ ನೀವೇ ಲಕ್ಷಾಧಿಪತಿ!' ಇಂತಹ ತಲೆಬರಹವನ್ನು ನೀವೂ ಒಮ್ಮೆಯಾದರೂ ನೋಡಿರುತ್ತೀರಿ. ಯೂಟ್ಯೂಬ್ ವಿಡಿಯೋ, ವಾಟ್ಸಾಪ್ ಫಾರ್ವರ್ಡ್, ಫೇಸ್‌ಬುಕ್ ಜಾಹೀರಾತು ಮಾತ್ರವಲ್ಲ, ಸುದ್ದಿತಾಣಗಳಲ್ಲೂ ಇವು ಆಗಾಗ ಕಾಣಿಸಿಕೊಳ್ಳುತ್ತವೆ. ಅದನ್ನು ಓದಿದ ಮೇಲೆ ಅಜ್ಜಿಯ ಟ್ರಂಕು, ದೇವರ ಮನೆಯ ಹುಂಡಿ, ಅಡುಗೆಮನೆಯ ಸಾಸಿವೆ ಡಬ್ಬಿ ಎಲ್ಲವನ್ನೂ ತಡಕಾಡುವವರು ಬಹಳ ಮಂದಿ.

ಹಾಗೆ ತಡಕಾಡುವುದರಲ್ಲಿ ತಪ್ಪೇನಿಲ್ಲ. ತೊಂದರೆ ಶುರುವಾಗುವುದು ಆಮೇಲೆ. ನಾಣ್ಯದ ಫೋಟೋವನ್ನು ಆನ್‌ಲೈನ್‌ನಲ್ಲಿ ಹಾಕಿದ ಕೆಲವೇ ಹೊತ್ತಿನಲ್ಲಿ 'ಖರೀದಿದಾರ'ರ ಕರೆ ಬರುತ್ತದೆ. ನಾವು ಕೇಳಿದ್ದಕ್ಕಿಂತ ಹೆಚ್ಚು ಕೊಡುತ್ತೇನೆ ಎನ್ನುತ್ತಾರೆ. ಕೊನೆಗೆ ದುಡ್ಡು ಕಳೆದುಕೊಳ್ಳುವುದು ಮಾತ್ರ ನಾವೇ. 2021ರಲ್ಲಿ ಬೆಂಗಳೂರಿನ ಮಹಿಳೆಯೊಬ್ಬರು 1947ರ ನಾಣ್ಯವೊಂದನ್ನು ಆನ್‌ಲೈನ್‌ನಲ್ಲಿ ಮಾರಲು ಹೋಗಿ ಸುಮಾರು 1 ಲಕ್ಷ ರೂಪಾಯಿ ಕಳೆದುಕೊಂಡ ಪ್ರಕರಣ ವರದಿಯಾಗಿತ್ತು. ಅದೇ ವರ್ಷದ ಆಗಸ್ಟ್ 4ರಂದು ಭಾರತೀಯ ರಿಸರ್ವ್ ಬ್ಯಾಂಕ್ (ಆರ್‌ಬಿಐ) ಹಳೆಯ ನೋಟು, ನಾಣ್ಯಗಳ ಹೆಸರಿನ ವಂಚನೆ ಬಗ್ಗೆ ಸಾರ್ವಜನಿಕರಿಗೆ ಎಚ್ಚರಿಕೆ ನೀಡಿತ್ತು.

ಹಾಗಾದರೆ ಮನೆಯಲ್ಲಿರುವ ಒಂದು ರೂಪಾಯಿ ನಾಣ್ಯ ಯಾವ ಕಾಲದ್ದು? ಯಾವ ಲೋಹದ್ದು? ಎಲ್ಲಿ ಟಂಕಿಸಿದ್ದು? ಅದಕ್ಕೆ ನಿಜವಾದ ಬೆಲೆ ಎಷ್ಟು? ಇವುಗಳನ್ನು ಯಾರ ಸಹಾಯವೂ ಇಲ್ಲದೆ ನೀವೇ ಮನೆಯಲ್ಲಿ ತಿಳಿದುಕೊಳ್ಳಬಹುದು. ಇದಕ್ಕೆ ಬೇಕಾಗಿರುವುದು ಒಂದು ಭೂತಗನ್ನಡಿ, ಒಂದು ಅಯಸ್ಕಾಂತ, ಗ್ರಾಂ ಲೆಕ್ಕದಲ್ಲಿ ತೂಗುವ ಸಣ್ಣ ತಕ್ಕಡಿ ಮತ್ತು ಸ್ವಲ್ಪ ತಾಳ್ಮೆ.

ಮೊದಲ ಹೆಜ್ಜೆ: ಇಸವಿ ಮತ್ತು ಮುಖ ನೋಡಿ

ನಾಣ್ಯವನ್ನು ಬೆಳಕಿನಲ್ಲಿ ಹಿಡಿದು ಎರಡೂ ಬದಿ ನೋಡಿ. ಒಂದು ಬದಿಯಲ್ಲಿ ರಾಜ ಅಥವಾ ರಾಣಿಯ ಮುಖ ಇದ್ದರೆ ಅದು ಬ್ರಿಟಿಷರ ಕಾಲದ್ದು. ಅಶೋಕ ಸ್ತಂಭದ ಸಿಂಹಗಳಿದ್ದರೆ ಗಣರಾಜ್ಯ ಭಾರತದ್ದು. ಗಣರಾಜ್ಯದ ಮೊದಲ ನಾಣ್ಯ ಸರಣಿ ಬಂದಿದ್ದು 1950ರ ಆಗಸ್ಟ್ 15ರಂದು. ರಾಜನ ಮುಖದ ಜಾಗಕ್ಕೆ ಸಿಂಹಗಳು, ಒಂದು ರೂಪಾಯಿಯಲ್ಲಿದ್ದ ಹುಲಿಯ ಜಾಗಕ್ಕೆ ಧಾನ್ಯದ ತೆನೆಗಳು ಬಂದವು.

ಆಗ ಇನ್ನೂ ಆಣೆಯ ಲೆಕ್ಕ. ಒಂದು ರೂಪಾಯಿಗೆ 16 ಆಣೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯಾ ಪೈಸೆ ಎಂಬ ದಶಮಾಂಶ ಪದ್ಧತಿ ಜಾರಿಯಾಯಿತು. 1964ರಲ್ಲಿ 'ನಯಾ' ಎಂಬ ಪದ ಬಿಟ್ಟುಹೋಯಿತು. ಆದರೂ 25 ಪೈಸೆಗೆ ನಾಲ್ಕಾಣೆ, 50 ಪೈಸೆಗೆ ಎಂಟಾಣೆ ಎನ್ನುವುದನ್ನು ನಮ್ಮ ಹಿರಿಯರು ಇವತ್ತಿಗೂ ಬಿಟ್ಟಿಲ್ಲ.

ಒಂದು ಮಾತು ನೆನಪಿರಲಿ. ನಾಣ್ಯ ಹಳೆಯದು ಎಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಎಷ್ಟು ನಾಣ್ಯ ಟಂಕಿಸಿದ್ದರು, ಅದರಲ್ಲಿ ಎಷ್ಟು ಉಳಿದಿವೆ, ಎಷ್ಟು ಜನ ಸಂಗ್ರಹಕಾರರಿಗೆ ಅದು ಬೇಕು, ನಿಮ್ಮ ಕೈಯಲ್ಲಿರುವ ನಾಣ್ಯ ಯಾವ ಸ್ಥಿತಿಯಲ್ಲಿದೆ ಎಂಬ ನಾಲ್ಕು ಪ್ರಶ್ನೆಗಳೇ ಬೆಲೆಯನ್ನು ನಿರ್ಧರಿಸುತ್ತವೆ.

ಎರಡನೇ ಹೆಜ್ಜೆ: ಗಣರಾಜ್ಯದ ಒಂದು ರೂಪಾಯಿ, ಯಾವ ಕಾಲದ್ದು ಹೇಗಿರುತ್ತೆ?

ಒಂದು ರೂಪಾಯಿ ನಾಣ್ಯ ಕಾಲ ಕಳೆದಂತೆ ಹಗುರವಾಗುತ್ತಾ, ಚಿಕ್ಕದಾಗುತ್ತಾ ಬಂದಿದೆ. ಈ ಪಟ್ಟಿ ಇಟ್ಟುಕೊಂಡು ನಿಮ್ಮ ನಾಣ್ಯವನ್ನು ಹೋಲಿಸಿ ನೋಡಿ.

- 1950ರ ದಶಕದ ಮೊದಲ ರೂಪಾಯಿ: ನಿಕ್ಕಲ್ ಲೋಹ, ತೂಕ 11.66 ಗ್ರಾಂ, ಅಗಲ 28 ಮಿಲಿಮೀಟರ್.
- 1962ರ ನಂತರದ್ದು: ನಿಕ್ಕಲ್, 10 ಗ್ರಾಂ, 28 ಮಿಲಿಮೀಟರ್.
- 1975ರ ನಂತರದ್ದು: ತಾಮ್ರ-ನಿಕ್ಕಲ್ ಮಿಶ್ರಲೋಹ, 8 ಗ್ರಾಂ, 28 ಮಿಲಿಮೀಟರ್.
- 1983ರಿಂದ 1991ರ ವರೆಗಿನದ್ದು: ತಾಮ್ರ-ನಿಕ್ಕಲ್, 6 ಗ್ರಾಂ, 26 ಮಿಲಿಮೀಟರ್.
- 1992ರಿಂದ 2004ರ ವರೆಗಿನದ್ದು: ಸ್ಟೇನ್‌ಲೆಸ್ ಸ್ಟೀಲ್, 4.85 ಗ್ರಾಂ, 25 ಮಿಲಿಮೀಟರ್. ತೆನೆಗಳ ವಿನ್ಯಾಸ.
- 2004ರಿಂದ 2006ರ ವರೆಗಿನದ್ದು: ಸ್ಟೀಲ್, ನಾಲ್ಕು ಕಡೆಗೆ ಚಾಚಿದ ಗೆರೆಗಳ 'ವಿವಿಧತೆಯಲ್ಲಿ ಏಕತೆ' ವಿನ್ಯಾಸ. ಇದು ಶಿಲುಬೆಯಂತೆ ಕಾಣುತ್ತದೆ ಎಂದು ಆಗ ವಿವಾದವೂ ಆಗಿತ್ತು.
- 2007ರಿಂದ 2011ರ ವರೆಗಿನದ್ದು: ಸ್ಟೀಲ್, ಹೆಬ್ಬೆರಳು ಎತ್ತಿದ ಹಸ್ತಮುದ್ರೆ.
- 2011ರ ನಂತರದ್ದು: ಸ್ಟೀಲ್, ರೂಪಾಯಿ ಚಿಹ್ನೆ, 3.79 ಗ್ರಾಂ, 22 ಮಿಲಿಮೀಟರ್.
- 2019ರ ಸರಣಿ: ಇನ್ನೂ ಚಿಕ್ಕದು, 20 ಮಿಲಿಮೀಟರ್.

ಇಸವಿ ಸವೆದು ಹೋಗಿದ್ದರೂ ಚಿಂತೆ ಇಲ್ಲ. ತೂಕ ಮತ್ತು ಅಗಲ ನೋಡಿದರೆ ನಾಣ್ಯ ಯಾವ ಸರಣಿಯದ್ದು ಎಂಬುದು ಗೊತ್ತಾಗುತ್ತದೆ. ಇನ್ನೂ ಅನುಮಾನ ಇದ್ದರೆ ಅಯಸ್ಕಾಂತ ಹಿಡಿಯಿರಿ. ನಿಕ್ಕಲ್ ನಾಣ್ಯ ಮತ್ತು ಈಗಿನ ಸ್ಟೀಲ್ ನಾಣ್ಯ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತವೆ. ತಾಮ್ರ-ನಿಕ್ಕಲ್ ಮತ್ತು ಬೆಳ್ಳಿ ಅಂಟಿಕೊಳ್ಳುವುದಿಲ್ಲ.

ಇವುಗಳ ಬೆಲೆ ಎಷ್ಟು? ನೇರವಾಗಿ ಹೇಳುವುದಾದರೆ, 1992ರ ನಂತರದ ಸವೆದ ನಾಣ್ಯಕ್ಕೆ ಒಂದು ರೂಪಾಯಿಯೇ ಬೆಲೆ. ಅಂಗಡಿಯಲ್ಲಿ ಕೊಟ್ಟರೆ ಒಂದು ಚಾಕೊಲೇಟ್ ಬರುತ್ತದೆ, ಅಷ್ಟೇ. ಅದಕ್ಕಿಂತ ಹಿಂದಿನ ತಾಮ್ರ-ನಿಕ್ಕಲ್ ನಾಣ್ಯಗಳೂ ಕೋಟಿಗಟ್ಟಲೆ ಟಂಕಿಸಿದಂತಹವು. ಕೈಯಿಂದ ಕೈಗೆ ಓಡಾಡಿ ಸವೆದಿದ್ದರೆ ಸಂಗ್ರಹಕಾರರು ಮುಖಬೆಲೆಗಿಂತ ಸ್ವಲ್ಪ ಹೆಚ್ಚು ಕೊಡಬಹುದು, ಲಕ್ಷವನ್ನಂತೂ ಯಾರೂ ಕೊಡುವುದಿಲ್ಲ. ಆದರೆ ಒಮ್ಮೆಯೂ ಚಲಾವಣೆಗೆ ಬಾರದೆ, ಟಂಕಸಾಲೆಯಿಂದ ಬಂದ ಹೊಳಪಿನಲ್ಲೇ ಉಳಿದಿರುವ ನಾಣ್ಯಕ್ಕೆ ಬೇಡಿಕೆ ಬೇರೆಯೇ.

ಮೂರನೇ ಹೆಜ್ಜೆ: ಇಸವಿಯ ಕೆಳಗೆ ಏನಿದೆ? ಟಂಕಸಾಲೆ ಗುರುತು

ನಾಣ್ಯದಲ್ಲಿ ಇಸವಿಯ ಕೆಳಗೆ ಸಣ್ಣದೊಂದು ಗುರುತು ಇರುತ್ತದೆ. ಭೂತಗನ್ನಡಿ ಬೇಕಾಗುವುದು ಇಲ್ಲಿಯೇ. ಆ ನಾಣ್ಯ ಯಾವ ಊರಿನ ಟಂಕಸಾಲೆಯಲ್ಲಿ ತಯಾರಾಯಿತು ಎಂಬುದನ್ನು ಈ ಗುರುತು ಹೇಳುತ್ತದೆ. ದೇಶದಲ್ಲಿ ಸದ್ಯ ನಾಲ್ಕು ಟಂಕಸಾಲೆಗಳಿವೆ.

- ಮುಂಬೈ: ವಜ್ರದ ಆಕಾರ.
- ಹೈದರಾಬಾದ್: ನಕ್ಷತ್ರ.
- ನೋಯ್ಡಾ: ದುಂಡನೆಯ ಚುಕ್ಕಿ.
- ಕೋಲ್ಕತ್ತಾ: ಯಾವ ಗುರುತೂ ಇಲ್ಲ.

ಮುಂಬೈ ಕೋಟೆ ಪ್ರದೇಶದಲ್ಲಿರುವ ಟಂಕಸಾಲೆ ಸುಮಾರು ಎರಡು ಶತಮಾನದಷ್ಟು ಹಳೆಯದು. ಹೈದರಾಬಾದಿನದ್ದು ಮೂಲತಃ ನಿಜಾಮರ ಟಂಕಸಾಲೆ. ನೋಯ್ಡಾದ್ದು ಎಲ್ಲಕ್ಕಿಂತ ಕಿರಿಯದು, 1988ರಲ್ಲಿ ಕೆಲಸ ಆರಂಭಿಸಿತು. ಹಾಗಾಗಿ ಅದಕ್ಕಿಂತ ಹಿಂದಿನ ಇಸವಿಯ ನಾಣ್ಯವನ್ನು 'ಅಪರೂಪದ ನೋಯ್ಡಾ ನಾಣ್ಯ' ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇಲ್ಲಿ ಎರಡು ತಪ್ಪು ಕಲ್ಪನೆಗಳಿವೆ. 'ನಕ್ಷತ್ರ ಇದ್ದರೆ ಅಪರೂಪ' ಎಂಬುದು ಒಂದು, 'ಗುರುತೇ ಇಲ್ಲದಿದ್ದರೆ ಟಂಕಸಾಲೆಯ ತಪ್ಪು, ಹಾಗಾಗಿ ಲಕ್ಷ ಬೆಲೆ' ಎಂಬುದು ಇನ್ನೊಂದು. ಎರಡೂ ಸುಳ್ಳು. ನಕ್ಷತ್ರ ಇದ್ದರೆ ಹೈದರಾಬಾದ್, ಗುರುತಿಲ್ಲದಿದ್ದರೆ ಕೋಲ್ಕತ್ತಾ, ಅಷ್ಟೇ. ಎರಡೂ ಕಡೆ ಕೋಟಿಗಟ್ಟಲೆ ನಾಣ್ಯಗಳು ತಯಾರಾಗಿವೆ.

ನಾಣ್ಯಗಳ ಕೊರತೆ ಆದಾಗ ಸರ್ಕಾರ ವಿದೇಶಿ ಟಂಕಸಾಲೆಗಳಿಂದಲೂ ನಾಣ್ಯ ಮಾಡಿಸಿ ತಂದಿದೆ. 1985ರ ಒಂದು ರೂಪಾಯಿಯಲ್ಲಿ 'ಎಚ್' ಎಂಬ ಇಂಗ್ಲಿಷ್ ಅಕ್ಷರ ಕಂಡರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದದ್ದು. 1988ರ 25 ಮತ್ತು 50 ಪೈಸೆಯಲ್ಲಿ 'ಸಿ' ಇದ್ದರೆ ಕೆನಡಾದ ಒಟ್ಟಾವಾದ್ದು. ಸಂಗ್ರಹಕಾರರು ಇವನ್ನು ಇಷ್ಟಪಟ್ಟು ಕೂಡಿಡುತ್ತಾರೆ. ಆದರೆ ಇವು ಕೂಡ ದೊಡ್ಡ ಸಂಖ್ಯೆಯಲ್ಲಿ ಬಂದಂತಹವೇ. ಆ ಅಕ್ಷರದಿಂದ ನಾಣ್ಯದ ಹಿಂದಿನ ಕತೆ ತಿಳಿಯುತ್ತದೆಯೇ ಹೊರತು ಲಕ್ಷಾಂತರ ರೂಪಾಯಿ ಬರುವುದಿಲ್ಲ.

ನೆಹರು, ಗಾಂಧಿ, ವೈಷ್ಣೋದೇವಿ: ಸ್ಮರಣಾರ್ಥ ನಾಣ್ಯಗಳ ಕತೆ

ಗಣ್ಯರ ಅಥವಾ ಘಟನೆಗಳ ನೆನಪಿಗೆ ಹೊರತರುವ ನಾಣ್ಯಗಳಿಗೆ ಸ್ಮರಣಾರ್ಥ ನಾಣ್ಯ ಎನ್ನುತ್ತಾರೆ. ಸ್ವತಂತ್ರ ಭಾರತದಲ್ಲಿ ಇದು ಶುರುವಾಗಿದ್ದು 1964ರಲ್ಲಿ, ಜವಾಹರಲಾಲ್ ನೆಹರು ನಿಧನದ ನಂತರ. 1969ರಲ್ಲಿ ಗಾಂಧಿ ಜನ್ಮಶತಮಾನೋತ್ಸವದ ನಾಣ್ಯಗಳು ಬಂದವು. 1990ರಲ್ಲಿ ಅಂಬೇಡ್ಕರ್, 1991ರಲ್ಲಿ ರಾಜೀವ್ ಗಾಂಧಿ, 1999ರಲ್ಲಿ ಸಂತ ಜ್ಞಾನೇಶ್ವರ, 2003ರಲ್ಲಿ ಮಹಾರಾಣಾ ಪ್ರತಾಪ್ ಒಂದು ರೂಪಾಯಿಯ ಮೇಲೆ ಕಾಣಿಸಿಕೊಂಡರು. 2006ರಲ್ಲಿ ನಮ್ಮ ಬಸವಣ್ಣನವರ ಚಿತ್ರವಿರುವ 5 ರೂಪಾಯಿ ನಾಣ್ಯ ಬಂತು.

ಗಾಂಧಿ ನಾಣ್ಯದ ಬಗ್ಗೆ ಒಂದು ಗೊಂದಲ ಇದೆ. ಅದರ ಮೇಲೆ '1869-1948' ಎಂದಿರುತ್ತದೆ. ಅದು ಗಾಂಧೀಜಿಯವರ ಜನನ ಮತ್ತು ಮರಣದ ಇಸವಿ. 'ಇದು 1869ರ ನಾಣ್ಯ' ಎಂದು ಮಾರಲು ಹೊರಟವರು, ಕೊಂಡವರು ಇಬ್ಬರೂ ಇದ್ದಾರೆ. ನೆಹರು ನಾಣ್ಯದ '1889-1964' ಕೂಡ ಹಾಗೆಯೇ.

ಇನ್ನು ಎಲ್ಲರೂ ಕೇಳುವ ವೈಷ್ಣೋದೇವಿ ನಾಣ್ಯ. ಶ್ರೀ ಮಾತಾ ವೈಷ್ಣೋದೇವಿ ದೇಗುಲ ಮಂಡಳಿಯ ಬೆಳ್ಳಿಹಬ್ಬದ ನೆನಪಿಗೆ 2012ರಲ್ಲಿ ಹೊರತಂದ 5 ಮತ್ತು 10 ರೂಪಾಯಿ ನಾಣ್ಯಗಳು ಚಲಾವಣೆಗೆ ಬಂದಿದ್ದವು. ಅದೃಷ್ಟ ತರುತ್ತದೆ ಎಂದು ಪರ್ಸಿನಲ್ಲಿ ಇಟ್ಟುಕೊಳ್ಳುವವರಿದ್ದಾರೆ. ಅದು ಅವರವರ ನಂಬಿಕೆ. ಆದರೆ ಇದಕ್ಕೆ 5 ಲಕ್ಷ, 10 ಲಕ್ಷ ಕೊಡುತ್ತೇವೆ ಎನ್ನುವವರು ನಿಮ್ಮ ಜೇಬಿಗೆ ಕೈ ಹಾಕಲು ಬಂದವರು. ಘೇಂಡಾಮೃಗದ ಚಿತ್ರವಿರುವ 25 ಪೈಸೆಯ ವಿಷಯವೂ ಇಷ್ಟೇ. 1988ರಿಂದ ಹಲವು ವರ್ಷ ಬಂದ ತೀರಾ ಸಾಮಾನ್ಯ ನಾಣ್ಯ ಅದು.

ನೋಟುಗಳ ಸಂಖ್ಯೆಯಲ್ಲಿ 786 ಇದೆ, 5 ರೂಪಾಯಿ ನೋಟಿನಲ್ಲಿ ಟ್ರ್ಯಾಕ್ಟರ್ ಇದೆ ಎಂಬ ಫಾರ್ವರ್ಡ್‌ಗಳೂ ಇದೇ ಜಾತಿಗೆ ಸೇರಿದವು.

ಬ್ರಿಟಿಷರ ಬೆಳ್ಳಿ ರೂಪಾಯಿ: ಇಲ್ಲಿ ನಿಜವಾದ ಬೆಲೆ ಇದೆ

ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದಲ್ಲಿ ಹಾಕುವ, ದೀಪಾವಳಿಯ ಲಕ್ಷ್ಮೀಪೂಜೆಗೆ ಹೊರತೆಗೆಯುವ ದೊಡ್ಡ ಬೆಳ್ಳಿ ನಾಣ್ಯ ನಿಮ್ಮ ಮನೆಯಲ್ಲೂ ಇರಬಹುದು. ಅದು ಬ್ರಿಟಿಷ್ ಕಾಲದ ಒಂದು ರೂಪಾಯಿ ಆಗಿದ್ದರೆ ಅದಕ್ಕೆ ಖಂಡಿತ ಬೆಲೆ ಇದೆ. ಮೊದಲ ಬೆಲೆ ಅದರಲ್ಲಿರುವ ಬೆಳ್ಳಿಯದ್ದು.

ಈಸ್ಟ್ ಇಂಡಿಯಾ ಕಂಪನಿ ತನ್ನ ಆಳ್ವಿಕೆಯ ಪ್ರದೇಶಗಳಿಗೆಲ್ಲ ಒಂದೇ ರೀತಿಯ ರೂಪಾಯಿ ತಂದಿದ್ದು 1835ರಲ್ಲಿ, ನಾಲ್ಕನೇ ವಿಲಿಯಂ ಹೆಸರಿನಲ್ಲಿ. 1840ರಲ್ಲಿ ವಿಕ್ಟೋರಿಯಾ ಮುಖ ಬಂತು. 1862ರಿಂದ ಕಂಪನಿಯ ಹೆಸರು ಹೋಗಿ 'ಇಂಡಿಯಾ' ಎಂದಾಯಿತು. 'ವಿಕ್ಟೋರಿಯಾ ಕ್ವೀನ್' ಎಂದು ಇದ್ದರೆ 1877ಕ್ಕಿಂತ ಹಿಂದಿನದು, 'ವಿಕ್ಟೋರಿಯಾ ಎಂಪ್ರೆಸ್' ಎಂದು ಇದ್ದರೆ ಆಮೇಲಿನದು. 1903ರಿಂದ 1910ರ ವರೆಗೆ ಕಿರೀಟವಿಲ್ಲದ ಏಳನೇ ಎಡ್ವರ್ಡ್, 1911ರಿಂದ ಐದನೇ ಜಾರ್ಜ್, 1938ರ ನಂತರ ಆರನೇ ಜಾರ್ಜ್.

ಈ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಹಿಂದೆ ಅಕ್ಕಸಾಲಿಗರು ರೂಪಾಯಿಯನ್ನೇ ತಕ್ಕಡಿಯ ಬಟ್ಟಾಗಿ ಬಳಸುತ್ತಿದ್ದುದು ಇದಕ್ಕೇ. 1939ರ ವರೆಗಿನ ರೂಪಾಯಿಯಲ್ಲಿ ಬೆಳ್ಳಿಯ ಪ್ರಮಾಣ ಶೇ.91.7. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಳ್ಳಿ ಕೊರತೆಯಾಗಿ 1940ರಿಂದ 1945ರ ವರೆಗೆ ಅದನ್ನು ಶೇ.50ಕ್ಕೆ ಇಳಿಸಲಾಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಪೂರ್ತಿ ನಿಕ್ಕಲ್. ಹುಲಿಯ ಚಿತ್ರವಿರುವ 1947ರ ರೂಪಾಯಿ ಸ್ವಾತಂತ್ರ್ಯದ ವರ್ಷದ್ದು ಎಂಬ ಕಾರಣಕ್ಕೆ ಹೆಚ್ಚು ಸದ್ದು ಮಾಡುತ್ತದೆ. ಆದರೆ ಅದು ಕೋಟಿಗಟ್ಟಲೆ ಟಂಕಿಸಿದ ನಿಕ್ಕಲ್ ನಾಣ್ಯ. ಅಯಸ್ಕಾಂತ ಹಿಡಿದರೆ ಟಪ್ಪನೆ ಅಂಟಿಕೊಳ್ಳುತ್ತದೆ.

ಬೆಳ್ಳಿಯ ಬೆಲೆ ಲೆಕ್ಕ ಹಾಕುವುದು ಹೀಗೆ:

- 1939 ಮತ್ತು ಅದಕ್ಕಿಂತ ಹಿಂದಿನ ರೂಪಾಯಿ: 11.66 ಗ್ರಾಂನಲ್ಲಿ ಶೇ.91.7, ಅಂದರೆ ಸುಮಾರು 10.69 ಗ್ರಾಂ ಬೆಳ್ಳಿ.
- 1940ರಿಂದ 1945ರ ರೂಪಾಯಿ: 11.66 ಗ್ರಾಂನಲ್ಲಿ ಶೇ.50, ಅಂದರೆ 5.83 ಗ್ರಾಂ ಬೆಳ್ಳಿ.

ಇದನ್ನು ಆ ದಿನದ ಬೆಳ್ಳಿ ದರದಿಂದ ಗುಣಿಸಿ. ಉದಾಹರಣೆಗೆ, ಲೆಕ್ಕ ಸುಲಭವಾಗಲಿ ಎಂದು ಗ್ರಾಂ ಬೆಳ್ಳಿಗೆ 100 ರೂಪಾಯಿ ಇಟ್ಟುಕೊಂಡರೆ ಮೊದಲನೆಯದಕ್ಕೆ 1,069 ರೂಪಾಯಿ, ಎರಡನೆಯದಕ್ಕೆ 583 ರೂಪಾಯಿ. ನಾಣ್ಯ ಸವೆದು ತೂಕ ಕಡಿಮೆಯಾಗಿದ್ದರೆ ಅಷ್ಟು ಕಳೆಯಿರಿ. ಚಿನ್ನಬೆಳ್ಳಿ ಅಂಗಡಿಯವರು ಕರಗಿಸುವ ಖರ್ಚು ಎಂದು ಒಂದಿಷ್ಟು ಮುರಿದುಕೊಳ್ಳುವುದೂ ಉಂಟು. ಬಂದ ಮೊತ್ತವೇ ನಿಮ್ಮ ನಾಣ್ಯದ ತಳಬೆಲೆ. ಇದಕ್ಕಿಂತ ತೀರಾ ಕಡಿಮೆಗೆ ಯಾರಾದರೂ ಕೇಳಿದರೆ ಕೊಡಬೇಡಿ.

ತಳಬೆಲೆಗಿಂತ ಮೇಲೆ ಎಷ್ಟು ಸಿಗುತ್ತದೆ ಎಂಬುದು ಇಸವಿಯ ಮೇಲೆ ಹೋಗುತ್ತದೆ. ಮನೆಗಳಲ್ಲಿ ಹೆಚ್ಚಾಗಿ ಸಿಗುವುದು 1917, 1918, 1919ರ ಐದನೇ ಜಾರ್ಜ್ ರೂಪಾಯಿ. ಮೊದಲ ಮಹಾಯುದ್ಧದ ಕಾಲದಲ್ಲಿ ಜನ ಕಾಗದದ ನೋಟು ನಂಬದೆ ಬೆಳ್ಳಿ ರೂಪಾಯಿಯನ್ನೇ ಕೇಳುತ್ತಿದ್ದರು. ಬೆಳ್ಳಿ ಸಾಲದೆ ಬ್ರಿಟಿಷ್ ಸರ್ಕಾರ ಅಮೆರಿಕದ ಮೊರೆ ಹೋಯಿತು. 1918ರ ಪಿಟ್‌ಮನ್ ಕಾಯ್ದೆಯಡಿ ಅಮೆರಿಕ 25 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್‌ಗಳನ್ನು ಕರಗಿಸಿ ಆ ಬೆಳ್ಳಿಯನ್ನು ಬ್ರಿಟನ್‌ಗೆ ಮಾರಿತು. ಅದು ಭಾರತಕ್ಕೆ ಬಂತು. ನಿಮ್ಮ ಅಜ್ಜಿಯ ಕಲಶದ ರೂಪಾಯಿಯಲ್ಲಿ ಅಮೆರಿಕದ ಡಾಲರಿನ ಬೆಳ್ಳಿ ಇದ್ದರೂ ಇರಬಹುದು! ಇಷ್ಟೊಂದು ಟಂಕಿಸಿದ್ದರಿಂದಲೇ ಈ ಇಸವಿಗಳ ನಾಣ್ಯಕ್ಕೆ ಬೆಳ್ಳಿಯ ಬೆಲೆಗಿಂತ ತುಂಬಾ ಹೆಚ್ಚೇನೂ ಸಿಗುವುದಿಲ್ಲ.

ಎರಡು ಇಸವಿಗಳನ್ನು ಮಾತ್ರ ಎಚ್ಚರದಿಂದ ನೋಡಿ.

ಒಂದು, 1911. ಆ ವರ್ಷದ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲೆ ಆನೆಯ ಚಿತ್ರ ಇತ್ತು. ಆದರೆ ಸೊಂಡಿಲು ಎಷ್ಟು ಗಿಡ್ಡವಾಗಿತ್ತೆಂದರೆ ಜನರಿಗೆ ಅದು ಹಂದಿಯಂತೆ ಕಂಡಿತು. ಆಕ್ಷೇಪ ಬಂದು ನಾಣ್ಯ ಹಿಂಪಡೆಯಲಾಯಿತು. 1912ರಿಂದ ಆನೆಯನ್ನು ತಿದ್ದಿ ಹೊಸ ಅಚ್ಚು ಬಂತು. ಸಂಗ್ರಹಕಾರರು ಇಂದಿಗೂ 1911ರದ್ದನ್ನು 'ಹಂದಿ ರೂಪಾಯಿ' ಎಂದೇ ಕರೆಯುತ್ತಾರೆ. ಇದಕ್ಕೆ ಬೆಳ್ಳಿಗಿಂತ ಹೆಚ್ಚು ಬೆಲೆ ಇದೆ.

ಎರಡು, 1939. ಆರನೇ ಜಾರ್ಜ್‌ನ ಈ ರೂಪಾಯಿ ನಿಜಕ್ಕೂ ಅಪರೂಪ. ಆದ್ದರಿಂದಲೇ ನಕಲಿಗಳೂ, 1938ರ ಅಂಕಿ ತಿದ್ದಿ 1939 ಮಾಡಿದವೂ ಮಾರುಕಟ್ಟೆಯಲ್ಲಿವೆ. ನಿಮ್ಮ ಬಳಿ ಇದ್ದರೆ ಪರಿಣತರಿಗೆ ತೋರಿಸದೆ ಮಾರಬೇಡಿ, ಕೊಳ್ಳಲೂಬೇಡಿ.

ನಕಲಿ ಪತ್ತೆ ಹಚ್ಚುವುದು ಹೇಗೆ?

- ತೂಕ: 11.66 ಗ್ರಾಂಗಿಂತ ಸ್ವಲ್ಪ ಕಡಿಮೆ ಇದ್ದರೆ ಸವೆತ ಎನ್ನಬಹುದು. ಒಂದೆರಡು ಗ್ರಾಂ ವ್ಯತ್ಯಾಸ ಇದ್ದರೆ ಅನುಮಾನಿಸಿ.
- ಅಯಸ್ಕಾಂತ: ಬೆಳ್ಳಿ ರೂಪಾಯಿ ಅಂಟಿಕೊಂಡರೆ ಅದು ಬೆಳ್ಳಿಯಲ್ಲ.
- ಅಂಚು: ಅಚ್ಚಿನಲ್ಲಿ ಎರಕ ಹೊಯ್ದ ನಕಲಿಗೆ ಅಂಚಿನಲ್ಲಿ ಜೋಡಣೆಯ ಗೆರೆ, ಮೇಲ್ಮೈಯಲ್ಲಿ ಸೂಜಿಮೊನೆಯಂತಹ ಗುಳಿಗಳು ಕಾಣುತ್ತವೆ. ಅಕ್ಷರಗಳು ಚೂಪಾಗಿರುವುದಿಲ್ಲ.
- ಶುದ್ಧತೆ: ಈಗ ಬಹುತೇಕ ದೊಡ್ಡ ಆಭರಣ ಅಂಗಡಿಗಳಲ್ಲಿ ಕ್ಯಾರೆಟ್ ಮೀಟರ್ ಇರುತ್ತದೆ. ನಾಣ್ಯವನ್ನು ಉಜ್ಜದೆ, ಕೊರೆಯದೆ ಬೆಳ್ಳಿಯ ಪ್ರಮಾಣ ತಿಳಿಯಬಹುದು.

ಇನ್ನೊಂದು ಬಗೆಯ ನಕಲಿ ಇದೆ. ರಾಮ, ಸೀತೆ, ಹನುಮಂತ, ಲಕ್ಷ್ಮಿಯ ಚಿತ್ರ, ಇನ್ನೊಂದು ಬದಿ 'ಈಸ್ಟ್ ಇಂಡಿಯಾ ಕಂಪನಿ 1818' ಎಂಬ ಬರಹ ಇರುವ ತಾಮ್ರದ ಬಿಲ್ಲೆಗಳು. ಇವುಗಳನ್ನು ಕಂಪನಿ ಎಂದೂ ಟಂಕಿಸಿಲ್ಲ. ಇವು ನಾಣ್ಯಗಳೇ ಅಲ್ಲ. ಆದರೆ 'ಅಕ್ಕಿ ಎಳೆಯುತ್ತದೆ', 'ವಿದೇಶದಲ್ಲಿ ಕೋಟಿ ಬೆಲೆ' ಎಂದು ಹೇಳಿ ಮಾರುವ ರೈಸ್ ಪುಲ್ಲಿಂಗ್ ದಂಧೆಯಲ್ಲಿ ಇಂತಹ ತಾಮ್ರದ ವಸ್ತುಗಳೇ ಬಂಡವಾಳ. ಕರ್ನಾಟಕದಲ್ಲಿ ಈ ಬಲೆಗೆ ಬಿದ್ದು ಹಣ ಕಳೆದುಕೊಂಡವರು ಕಡಿಮೆಯೇನಿಲ್ಲ.

ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ

ನಾಣ್ಯದ ಬೆಲೆ ಕೆಡಿಸುವ ಅತಿ ದೊಡ್ಡ ಶತ್ರು ನಮ್ಮ ಅಡುಗೆಮನೆಯಲ್ಲೇ ಇದೆ. ಪೂಜೆಗೆ ಮೊದಲು ಹುಣಸೆಹಣ್ಣು, ನಿಂಬೆಹಣ್ಣು, ವಿಭೂತಿ, ಹಲ್ಲುಪುಡಿ, ಪಾತ್ರೆ ತೊಳೆಯುವ ಪುಡಿ ಹಾಕಿ ಉಜ್ಜಿ ಫಳಫಳ ಮಾಡುವುದು ನಮ್ಮ ಅಭ್ಯಾಸ. ಹಾಗೆ ಉಜ್ಜಿದಾಗ ಕೊಳೆಯ ಜೊತೆಗೆ ಲೋಹದ ತೆಳು ಪದರವೂ, ಅಕ್ಷರಗಳ ಚೂಪೂ ಹೋಗುತ್ತವೆ. ಮೇಲ್ಮೈಯಲ್ಲಿ ಕೂದಲೆಳೆಯಂತಹ ಗೀರುಗಳು ಬೀಳುತ್ತವೆ. ಸಂಗ್ರಹಕಾರರಿಗೆ ಹಳೆಯ ನಾಣ್ಯದ ಮೇಲೆ ತಾನಾಗಿ ಕೂತ ಕಪ್ಪು, ನೀಲಿ ಛಾಯೆಯೇ ಇಷ್ಟ. ಅದು ನಾಣ್ಯ ಅಸಲಿ ಎಂಬುದಕ್ಕೆ ಒಂದು ಸಾಕ್ಷಿ ಕೂಡ.

ಧೂಳಿದ್ದರೆ ಶುದ್ಧ ನೀರಿನಲ್ಲಿ ಅದ್ದಿ, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ತಿಕ್ಕಬೇಡಿ. ಅಂಚು ಹಿಡಿದು ಎತ್ತಿಕೊಳ್ಳಿ, ಮುಖದ ಮೇಲೆ ಬೆರಳು ಇಡಬೇಡಿ. ಒಂದೊಂದನ್ನೂ ಪ್ರತ್ಯೇಕ ಕಾಗದದ ಲಕೋಟೆಯಲ್ಲಿ ಇಡಿ. ಸರಕ್ಕೆ ಪೋಣಿಸಲು ಬೆಸುಗೆ ಹಾಕಿದ ಕೊಂಡಿಯ ಗುರುತು, ತೂತು ಇದ್ದರೆ ಸಂಗ್ರಹದ ಬೆಲೆ ಬಹುತೇಕ ಹೋದಂತೆ. ಬೆಳ್ಳಿಯ ಬೆಲೆ ಮಾತ್ರ ಉಳಿಯುತ್ತದೆ.

ನಿಜವಾದ ಮಾರುಕಟ್ಟೆ ಬೆಲೆ ತಿಳಿಯುವುದು ಹೇಗೆ?

ಇಲ್ಲಿ ಒಂದು ವ್ಯತ್ಯಾಸ ತಿಳಿದುಕೊಂಡರೆ ಅರ್ಧ ಮೋಸದಿಂದ ಪಾರಾದಂತೆ. ಯಾರೋ ಒಬ್ಬರು ವೆಬ್‌ಸೈಟಿನಲ್ಲಿ ತಮ್ಮ ನಾಣ್ಯಕ್ಕೆ 9 ಲಕ್ಷ ಎಂದು ಬರೆದ ಮಾತ್ರಕ್ಕೆ ಅದರ ಬೆಲೆ 9 ಲಕ್ಷ ಆಗುವುದಿಲ್ಲ. ಅದು ಕೇಳಿದ ಬೆಲೆ. ಕೊಂಡವರು ನಿಜವಾಗಿ ಕೊಟ್ಟ ಬೆಲೆಯೇ ಮಾರುಕಟ್ಟೆ ಬೆಲೆ. 'ಲಕ್ಷ ಬೆಲೆಯ ನಾಣ್ಯ' ಎಂಬ ಎಷ್ಟೋ ಸುದ್ದಿಗಳು ಹುಟ್ಟುವುದು ಈ ಕೇಳಿದ ಬೆಲೆಯಿಂದಲೇ.

- ನಾಣ್ಯಗಳ ಹರಾಜು ಸಂಸ್ಥೆಗಳು ಹಿಂದಿನ ಹರಾಜಿನ ಫಲಿತಾಂಶ ಪ್ರಕಟಿಸುತ್ತವೆ. ಅದೇ ಇಸವಿ, ಅದೇ ಟಂಕಸಾಲೆ, ಅದೇ ಸ್ಥಿತಿಯ ನಾಣ್ಯ ಎಷ್ಟಕ್ಕೆ ಹೋಯಿತು ನೋಡಿ.
- ಒಂದೇ ಫಲಿತಾಂಶ ನಂಬಬೇಡಿ. ನಾಲ್ಕೈದನ್ನು ಹೋಲಿಸಿ.
- ಬೆಂಗಳೂರು, ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್‌ನಂತಹ ನಗರಗಳಲ್ಲಿ ನಾಣ್ಯ ಪ್ರದರ್ಶನಗಳು ನಡೆಯುತ್ತಿರುತ್ತವೆ. ಒಬ್ಬರಲ್ಲ, ಮೂರು ವ್ಯಾಪಾರಿಗಳಿಗೆ ತೋರಿಸಿ. 'ಇದನ್ನು ಎಷ್ಟಕ್ಕೆ ಮಾರುತ್ತೀರಿ?' ಎನ್ನಬೇಡಿ. 'ಈಗಲೇ ಕೊಟ್ಟರೆ ಎಷ್ಟು ಕೊಡುತ್ತೀರಿ?' ಎಂದು ಕೇಳಿ. ಎರಡು ಉತ್ತರಗಳ ನಡುವೆ ಇರುವುದು ವ್ಯಾಪಾರಿಯ ಲಾಭ.
- ಸವೆತದ ಮಟ್ಟ ಮುಖ್ಯ. ರಾಜನ ಕಿರೀಟದ ಮುತ್ತುಗಳು, ಕಿವಿಯ ಮೇಲಿನ ಕೂದಲು, ನಿಲುವಂಗಿಯ ಕಸೂತಿ ಸ್ಪಷ್ಟವಾಗಿ ಕಂಡರೆ ಒಳ್ಳೆಯ ಸ್ಥಿತಿ. ನುಣ್ಣಗಾಗಿದ್ದರೆ ಸಾಧಾರಣ.

ಟಂಕಿಸುವಾಗ ಆದ ತಪ್ಪುಗಳಿಗೆ, ಅಂದರೆ ಚಿತ್ರ ಪಕ್ಕಕ್ಕೆ ಸರಿದದ್ದು, ಎರಡೂ ಬದಿ ಒಂದೇ ಚಿತ್ರ ತಿರುಗುಮುರುಗಾಗಿ ಬಂದದ್ದು, ಇವುಗಳಿಗೆ ಸಂಗ್ರಹಕಾರರು ಹೆಚ್ಚು ಕೊಡುತ್ತಾರೆ. ಆದರೆ ಸುತ್ತಿಗೆ ಏಟು, ಗೀರು, ರಸ್ತೆಯಲ್ಲಿ ಉಜ್ಜಿದ ಗುರುತು ಟಂಕಸಾಲೆಯ ತಪ್ಪಲ್ಲ. ಅದು ಹಾನಿಗೊಂಡ ನಾಣ್ಯ, ಅಷ್ಟೇ.

ಕಾನೂನು ಏನು ಹೇಳುತ್ತೆ?

25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಮೌಲ್ಯದ ನಾಣ್ಯಗಳು 2011ರ ಜೂನ್ 30ರಿಂದ ಮಾನ್ಯತೆ ಕಳೆದುಕೊಂಡಿವೆ. ಎಂಟಾಣೆ ಅಂದರೆ 50 ಪೈಸೆ ಇವತ್ತಿಗೂ ಮಾನ್ಯ, ಯಾರೂ ತೆಗೆದುಕೊಳ್ಳದಿದ್ದರೂ! 2011ರ ನಾಣ್ಯ ಕಾಯ್ದೆ ಪ್ರಕಾರ 50 ಪೈಸೆ ನಾಣ್ಯಗಳಲ್ಲಿ 10 ರೂಪಾಯಿವರೆಗೆ, ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳಲ್ಲಿ 1,000 ರೂಪಾಯಿವರೆಗೆ ಪಾವತಿಸಬಹುದು. ಚಲಾವಣೆಯ ನಾಣ್ಯ ಕರಗಿಸುವುದು ಇದೇ ಕಾಯ್ದೆಯಡಿ ಅಪರಾಧ.

ಒಂದೇ ಮೌಲ್ಯದ ನಾಣ್ಯ ಹಲವು ವಿನ್ಯಾಸಗಳಲ್ಲಿ ಇರುವುದು ಸಹಜ. 10 ರೂಪಾಯಿ ನಾಣ್ಯದ 14 ವಿನ್ಯಾಸಗಳೂ ಮಾನ್ಯ ಎಂದು ಆರ್‌ಬಿಐ 2018ರ ಜನವರಿಯಲ್ಲಿ ಸ್ಪಷ್ಟಪಡಿಸಿತ್ತು. ಅಂಗಡಿಯವರು 'ಇದು ನಡೆಯಲ್ಲ' ಎಂದರೆ ಅದು ಅವರ ತಪ್ಪು ತಿಳಿವಳಿಕೆ.

100 ವರ್ಷಕ್ಕಿಂತ ಹಳೆಯ ನಾಣ್ಯಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವುಗಳನ್ನು ಖಾಸಗಿಯಾಗಿ ವಿದೇಶಕ್ಕೆ ಕಳಿಸುವಂತಿಲ್ಲ. ದುಬೈ, ಅಮೆರಿಕದ ಬಂಧುಗಳಿಗೆ ಕೊರಿಯರ್ ಮಾಡುವ ಮೊದಲು ಇದು ನೆನಪಿರಲಿ. ಆನೆಯ ಚಿತ್ರವಿರುವ ಟಿಪ್ಪು ಸುಲ್ತಾನನ ತಾಮ್ರದ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದ ಕನ್ನಡ ಬರಹದ ಮಯಿಲಿ ಕಾಸು ನಿಮ್ಮ ಮನೆಯಲ್ಲಿದ್ದರೆ ಅವಕ್ಕೂ ಇದೇ ನಿಯಮ.

ವಂಚಕರ ಮಾತು ಹೀಗಿರುತ್ತೆ, ಗುರುತಿಟ್ಟುಕೊಳ್ಳಿ

ಮೊದಲು ನೀವು ಕೇಳಿದ್ದಕ್ಕಿಂತ ಹೆಚ್ಚು ಬೆಲೆ. ಆಮೇಲೆ ಆರ್‌ಬಿಐ ಲಾಂಛನ ಇರುವ 'ಪ್ರಮಾಣಪತ್ರ'. ನಂತರ ನೋಂದಣಿ ಶುಲ್ಕ, ಜಿಎಸ್‌ಟಿ, ಆದಾಯ ತೆರಿಗೆ, ವಿಮೆ, ಕೊರಿಯರ್ ಎಂದು ಒಂದೊಂದಾಗಿ ಹಣ ಕೇಳುತ್ತಾರೆ. ಮೊದಲ ಕಂತು ಸಾವಿರದೊಳಗೆ ಇರುತ್ತದೆ. 'ಇಷ್ಟು ಕೊಟ್ಟಾಗಿದೆ, ಇನ್ನೊಂದು ಸಲ ಕೊಟ್ಟರೆ ಲಕ್ಷ ಬರುತ್ತದಲ್ಲ' ಎಂಬ ಆಸೆಯಲ್ಲಿ ಜನ ಸಿಕ್ಕಿಬೀಳುತ್ತಾರೆ. ಊರು ಬಿಟ್ಟು ದೂರದ ನಗರಗಳಲ್ಲಿ ಕೆಲಸ ಮಾಡುವ ಮಕ್ಕಳಿಗೆ ಹೊರೆಯಾಗಬಾರದು ಎಂದು ನಾಲ್ಕು ಕಾಸು ಹೊಂದಿಸಲು ಹೊರಡುವ ಹಿರಿಯರೇ ಇವರಿಗೆ ಸುಲಭದ ತುತ್ತು.

ಆರ್‌ಬಿಐ ಹೇಳಿರುವುದು ಸ್ಪಷ್ಟ. ಹಳೆಯ ನೋಟು, ನಾಣ್ಯ ಕೊಳ್ಳುವ, ಮಾರುವ ವ್ಯವಹಾರದಲ್ಲಿ ಅದು ಇಲ್ಲ. ಅದಕ್ಕಾಗಿ ಯಾವ ಶುಲ್ಕ, ಕಮಿಷನ್ ಕೇಳುವುದೂ ಇಲ್ಲ. ತನ್ನ ಪರವಾಗಿ ವಸೂಲಿ ಮಾಡಲು ಯಾವ ಸಂಸ್ಥೆಗೂ, ವ್ಯಕ್ತಿಗೂ ಅಧಿಕಾರ ಕೊಟ್ಟಿಲ್ಲ.

- ಮಾರುವವರು ನೀವು. ದುಡ್ಡು ಬರಬೇಕಾದ್ದು ನಿಮಗೆ. ನೀವೇ ಮುಂಗಡ ಕೊಡಬೇಕು ಎಂದರೆ ಅಲ್ಲಿಗೆ ಮಾತು ಮುಗಿಸಿ.
- ಹಣ ಪಡೆಯಲು ಯುಪಿಐ ಪಿನ್ ಹಾಕಬೇಕಾಗಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ.
- ಆಧಾರ್, ಪ್ಯಾನ್, ಪಾಸ್‌ಬುಕ್ ಫೋಟೋ ಕಳಿಸಬೇಡಿ.
- ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಮನೆಯವರು ಬೈಯುತ್ತಾರೆ ಎಂದು ಮುಚ್ಚಿಡಬೇಡಿ.

ಕೊನೆಯದಾಗಿ...

ನಿಮ್ಮ ಡಬ್ಬಿಯಲ್ಲಿರುವ ನೂರು ನಾಣ್ಯಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಮುಖಬೆಲೆಯವೇ ಆಗಿರಬಹುದು. ಒಂದೆರಡು ಬೆಳ್ಳಿಯವು ಸಿಕ್ಕರೆ ಸಂತೋಷ. ಆದರೂ ಮಕ್ಕಳ ಜೊತೆ ಕೂತು ಇವನ್ನು ಇಸವಿ, ಟಂಕಸಾಲೆ ಪ್ರಕಾರ ಜೋಡಿಸಿ ನೋಡಿ. 11.66 ಗ್ರಾಂನಿಂದ 4 ಗ್ರಾಂಗೂ ಕಡಿಮೆಗೆ ಇಳಿದ ರೂಪಾಯಿಯ ಪ್ರಯಾಣ ಅಂಗೈಯಲ್ಲೇ ಕಾಣುತ್ತದೆ. ಮುಂಬೈನಲ್ಲಿರುವವರು ಕೋಟೆ ಪ್ರದೇಶದ ಆರ್‌ಬಿಐ ಹಣಕಾಸು ವಸ್ತುಸಂಗ್ರಹಾಲಯಕ್ಕೆ, ಹೈದರಾಬಾದಿನವರು ಸೈಫಾಬಾದ್ ಟಂಕಸಾಲೆಯ ಸಂಗ್ರಹಾಲಯಕ್ಕೆ, ದೆಹಲಿಯವರು ರಾಷ್ಟ್ರೀಯ ವಸ್ತುಸಂಗ್ರಹಾಲಯದ ನಾಣ್ಯ ವಿಭಾಗಕ್ಕೆ, ಚೆನ್ನೈನವರು ಎಗ್ಮೋರ್ ಸರ್ಕಾರಿ ಸಂಗ್ರಹಾಲಯಕ್ಕೆ ಒಂದು ಭಾನುವಾರ ಹೋಗಿ ಬರಬಹುದು. ಹೊರಡುವ ಮೊದಲು ತೆರೆದಿರುವ ದಿನ, ಸಮಯ ವಿಚಾರಿಸಿಕೊಳ್ಳಿ.

ಮತ್ತೆ ಅಂತಹ ಫಾರ್ವರ್ಡ್ ಬಂದರೆ ಮುಂದಕ್ಕೆ ಕಳಿಸುವ ಮೊದಲು ಊರಿನಲ್ಲಿರುವ ಅಪ್ಪ, ಅಮ್ಮನಿಗೆ ಒಂದು ಫೋನ್ ಮಾಡಿ. 'ನಾಣ್ಯ ಮಾರೋಕೆ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡಬೇಡಿ, ಮೊದಲು ನನಗೆ ಹೇಳಿ' ಎಂದು ತಿಳಿಸಿ.